ಹಳದಿ ಹೆಲ್ಮೆಟ್ಟಿನ ಪಾಳಿ

ನನ್ನ ತಂಗಿಯ ಅವಳಿ ಹೆಣ್ಣುಮಕ್ಕಳು ಇಬ್ಬರೂ ಕೂಡಿ ತಂಟೆ ಮಾಡಿದ್ದನ್ನು ಎರಡು ವರ್ಷದಿಂದ ಹೋದ ತಿಂಗಳವರೆಗೆ ನಾನು ಒಂದು ಸಲವೂ ಕಂಡಿರಲಿಲ್ಲ. ಇದನ್ನು ಹೊಗಳಿಕೆ ಎಂದು ತಿಳಿದಿರಾದರೆ ನಿಮ್ಮ ಮನೆಯಲ್ಲಿ ಅವಳಿಗಳಿಲ್ಲ ಎಂದಾಯಿತು. ಪುಣ್ಯವಂತರು! ಇವರು ತಂಟೆ ಮಾಡುವುದು ಪಾಳಿಯ ಮೇಲೆ. ಒಬ್ಬಳ ಡ್ಯೂಟಿ ಮುಗಿದರೆ ಇನ್ನೊಬ್ಬಳದು ಶುರು. ಕಾರ್ಖಾನೆಗಾದರೂ ಆಯುಧಪೂಜೆಗೆ ಒಂದು ದಿನ ಬಿಡುವಿರುತ್ತದೆ; ಇವರಿಗೆ ಅದೂ ಇಲ್ಲ. ಹೋದ ಆಯುಧಪೂಜೆಯ ದಿನ ನನ್ನ ಸ್ಕೂಟರಿನ ಮುಂದೆ ಕುಂಬಳಕಾಯಿ ಒಡೆಯುವ ಬದಲು, ಸ್ಕೂಟರನ್ನೇ ಓಡಿಸಿ ಕುಂಬಳಕಾಯಿ ಒಡೆದಿದ್ದಳು, ಇಬ್ಬರಲ್ಲಿ ಯಾವಳೋ ಒಬ್ಬಳು. ಕುಂಬಳಕಾಯಿಯ ಹಿಂದೆ ಗೋಡೆಯಿತ್ತು. ಇರಲಿ.

ಹೆಸರು ಹೇಳುವುದಿಲ್ಲ. ಹೇಳಿದರೂ ಉಪಯೋಗವಿಲ್ಲ, ಯಾವ ಹೆಸರಿಗೆ ಯಾವಳು ಓಗೊಡುತ್ತಾಳೆಂಬುದು ಆ ದಿನದ ಪಾಳಿಯನ್ನು ಅವಲಂಬಿಸಿರುತ್ತದೆ. ಏಳು ನಿಮಿಷ ಮೊದಲು ಹುಟ್ಟಿದವಳು ದೊಡ್ಡಾಕಿ, ಆಮೇಲೆ ಬಂದವಳು ಸಣ್ಣಾಕಿ. ಇಬ್ಬರಿಗೂ ಈಗ ಹನ್ನೊಂದು ವರ್ಷ. ಮುಖ ಒಂದೇ, ದನಿ ಒಂದೇ, ತಪ್ಪು ಮಾಡಿ ಸಿಕ್ಕಿಬಿದ್ದಾಗ ಮುಗಿಲು ನೋಡುವ ರೀತಿಯೂ ಒಂದೇ.

ಇವರ ತಾಯಿ, ಅಂದರೆ ನನ್ನ ತಂಗಿ, ಕಂಪ್ಲಿಯ ಆಸ್ಪತ್ರೆಯೊಂದರಲ್ಲಿ ನರ್ಸು. ಬೆಳಗಿನ ಮೊದಲ ಬಸ್ಸಿಗೆ ಹೊಸಪೇಟೆ ಬಿಟ್ಟರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಾಳೆ. ತಂದೆ ಸಂಡೂರಿನ ಅದಿರು ಗಣಿಯಲ್ಲಿ ಮಣ್ಣು ಬಗೆಯುವ ದೊಡ್ಡ ಯಂತ್ರ ನಡೆಸುತ್ತಾನೆ. ವಾರಕ್ಕೊಮ್ಮೆ ಮನೆಗೆ ಬರುತ್ತಾನೆ, ಅರ್ಧ ಗುಡ್ಡವನ್ನು ಕಿವಿಯಲ್ಲಿಟ್ಟುಕೊಂಡು. ಉಳಿದ ಹೊತ್ತು ಇವರನ್ನು ನೋಡಿಕೊಳ್ಳುವವರು ಯಾರು? ಪಕ್ಕದ ಮನೆಯ ಸೋದರಮಾವ. ಅಂದರೆ ನಾನು. ನಾನಾದರೋ ಕಾಲುವೆ ಕಚೇರಿಯ ಗುಮಾಸ್ತ, ಹತ್ತರಿಂದ ಐದೂವರೆಯವರೆಗೆ ಮನೆಯಲ್ಲಿರುವುದಿಲ್ಲ. ಹೀಗಾಗಿ ನಿಜವಾಗಿ ಮೇಲ್ವಿಚಾರಣೆ ಅಂತ ಇದ್ದದ್ದು ಎರಡು ಮನೆಗಳ ನಡುವಿನ ಗೋಡೆಯೊಂದೇ. ಅದನ್ನೂ ಅವರು ಐದನೆಯ ವಯಸ್ಸಿಗೇ ಹತ್ತಿ ಇಳಿದಿದ್ದರು.

ನನ್ನ ಬಗ್ಗೆಯೂ ಒಂದು ಮಾತು ಹೇಳಬೇಕು. ನನಗೆ ಐವತ್ತೆರಡು. ಮದುವೆಯಾಗಿಲ್ಲ, ಆದ್ದರಿಂದ ಚಿಂತೆ ಮಾಡಲು ಪೂರ್ತಿ ಸಮಯ ಸಿಗುತ್ತದೆ. ಬೀಗ ಹಾಕಿ ಮೂರು ಸಲ ಜಗ್ಗುತ್ತೇನೆ, ಗೇಟಿನ ತನಕ ಹೋಗಿ ಮರಳಿ ಬಂದು ನಾಲ್ಕನೆಯ ಸಲ. ಡ್ಯಾಮು ತುಂಬಿದರೆ ಹೆಚ್ಚಾಯಿತೆಂದು ಚಿಂತೆ, ತುಂಬದಿದ್ದರೆ ಕಡಿಮೆಯಾಯಿತೆಂದು ಚಿಂತೆ. ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಬಿದ್ದಿದ್ದೆ. ಸೋಪು ತುಳಿದು ಬಿದ್ದೆ ಎಂದು ನನ್ನ ವಾದ, ಬಿ.ಪಿ. ಏರಿ ಬಿದ್ದೆ ಎಂದು ತಂಗಿಯ ವಾದ. ಅಂದಿನಿಂದ ಬೆಳಿಗ್ಗೆಯೊಂದು, ಸಂಜೆಯೊಂದು ಗುಳಿಗೆ. ಇಂಥವನ ಕೈಗೆ ಇಂಥವರನ್ನು ಕೊಡುವುದೆಂದರೆ! ನನ್ನ ಮೇಲೆ ಯಾರಿಗೂ ಕನಿಕರವಿಲ್ಲ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಆದ್ದರಿಂದಲೇ ಈ ಬೇಸಿಗೆಯಲ್ಲಿ ನಾನು ಕೈಚೆಲ್ಲಿದೆ. ತಂಗಿಗೆ ಹೇಳಿಬಿಟ್ಟೆ:

“ಇನ್ನ ನನ್ನ ಕೈಲೆ ಆಗಂಗಿಲ್ಲಮ್ಮ. ಜೂನಿಗೆ ಒಬ್ಬಾಕಿನ್ನ ಸಂಡೂರಿಗೆ ಕಳಿಸು, ಅಪ್ಪನ ಹತ್ರ ಇರ್ಲಿ, ಅಲ್ಲಿ ಅಜ್ಜಿನೂ ಅದಾಳ. ಇನ್ನೊಬ್ಬಾಕಿನ್ನ ನೀ ಕಂಪ್ಲಿಗೆ ಕರ್ಕೊಂಡು ಹೋಗು, ಕ್ವಾರ್ಟರ್ಸ್ ಕೊಡ್ತೀವಿ ಅಂದಾರಲ್ಲ. ಬ್ಯಾರೆ ಮಾಡಿದ್ರನಾ ಇವ್ರು ಹಾದಿಗೆ ಬರೋದು.”

“ಹುಟ್ಟಿದಾಗಿಂದ ಒಂದಿನಾನೂ ಬಿಟ್ಟಿಲ್ಲಣ್ಣ ಒಬ್ರನ್ನೊಬ್ರು,” ಎಂದಳು.

“ಅದಕ್ಕಾ ಹೇಳಾಕತ್ತೀನಿ!”

ಗಂಡ ಬರುವ ಭಾನುವಾರ ಎಲ್ಲರೂ ಕೂತು ಗಟ್ಟಿ ಮಾಡೋಣ ಎಂದಳು ತಂಗಿ, ಸೆರಗಿನ ಅಂಚು ಸುತ್ತುತ್ತಾ. ನಾನು ನಿಟ್ಟುಸಿರು ಬಿಟ್ಟೆ. ತಪ್ಪು ಮಾಡುತ್ತಿದ್ದೇನೆ ಅನ್ನಿಸಲಿಲ್ಲವೇ? ಅನ್ನಿಸಿತು. ಆದರೆ ನನಗೆ ದಿನಕ್ಕೆ ಮೂವತ್ತು ಸಲ ಹಾಗೆ ಅನ್ನಿಸುತ್ತದೆ, ಯಾವುದನ್ನೆಂದು ಗಮನಿಸಲಿ?

ಈ ಪಾಳಿಯ ಪದ್ಧತಿ ಅವರಿಗೆ ಬಂದದ್ದು ಅಪ್ಪನಿಂದ. ಅವನು ರಜೆಗೆ ಬಂದಾಗ ರೊಟ್ಟಿ ಮುರಿಯುತ್ತಾ ಗಣಿಯ ಕಾನೂನು ಹೇಳುತ್ತಾನೆ. “ಯಂತ್ರ ಬಿಟ್ಟು ಇಳೀಬೇಕಂದ್ರ ಮುಂದಿನ ಪಾಳಿಯವ ಬಂದು ಸೀಟಿನ್ಯಾಗ ಕುಂದ್ರಬೇಕು. ಅವನಾ ರಿಲೀವರ್. ಅವ ಬರ್ಲಿಲ್ಲಂದ್ರ ಕುಂತಲ್ಲೇ ಕುಂತಿರ್ಬೇಕು. ಎಂಟು ತಾಸಿರ್ಲಿ, ಹದಿನಾರು ತಾಸಿರ್ಲಿ. ಸೀಟು ಖಾಲಿ ಬಿಡಂಗಿಲ್ಲ.” ಬೇರೆ ಮಕ್ಕಳಾದರೆ ಇಂಥ ಮಾತಿಗೆ ಆಕಳಿಸುತ್ತವೆ. ಇವು ಬಾಯಿ ತೆರೆದು ಕೇಳಿದವು. ಅಪ್ಪನ ಬಿರುಕು ಬಿಟ್ಟ ಹಳೆಯ ಹಳದಿ ಹೆಲ್ಮೆಟ್ಟೊಂದು ಮನೆಯಲ್ಲಿತ್ತು. ಅದು ಯಾರ ತಲೆಯ ಮೇಲಿದೆಯೋ ಅವಳು ಡ್ಯೂಟಿಯಲ್ಲಿದ್ದಾಳೆಂದು ಅರ್ಥ. ದಿನಕ್ಕೆ ನಾಲ್ಕಾರು ಸಲ ನನ್ನ ಗೇಟಿನ ಹತ್ತಿರ ಈ ಸಂಭಾಷಣೆ ಕೇಳಿಬರುತ್ತಿತ್ತು:

“ಡ್ಯೂಟಿ ತಗೋ.”

“ತಗೊಂಡೆ. ಎಲ್ಲಾ ಬರೋಬ್ಬರಿ ಐತಾ?”

“ಐತಿ. ಸ್ವಲ್ಪ ಬೈಯಾಕತ್ತಾನ.”

ಶತ್ರುಪಾಳೆಯದ ಸುದ್ದಿಯನ್ನು ಬೇಹುಗಾರರು ದಾಟಿಸುವ ರೀತಿ ಇದು ಎಂದುಕೊಂಡಿದ್ದೆ. ಶತ್ರು ನಾನಲ್ಲದೆ ಇನ್ಯಾರು?

ಅಪರಾಧಗಳು ಒಂದೆರಡಲ್ಲ. ನನ್ನ ಬಚ್ಚಲಿನ ಒಳಚಿಲಕವನ್ನು ಸ್ಕ್ರೂ ಸಮೇತ ಕಿತ್ತು ಒಯ್ದರು. ಹೊಸದು ಹಾಕಿಸಿದೆ, ಅದೂ ಹೋಯಿತು. ಒಳಗೆ ಸ್ನಾನಕ್ಕೆ ಕೂತರೆ ಎರಡು ನಿಮಿಷಕ್ಕೊಮ್ಮೆ ಬಾಗಿಲು ಬಡಿದು, “ಮಾಮಾ, ಒಳಗದೀಯಾ?” “ಅದೀನಿ!” ಮತ್ತೆರಡು ನಿಮಿಷಕ್ಕೆ, “ಮಾಮಾ, ಇನ್ನಾ ಅದೀಯಾ?” ಬಚ್ಚಲಿನಿಂದ ನಾನು ಎಲ್ಲಿಗೆ ಹೋದೇನು? ಮೋರಿಯೊಳಗೆ ಇಳಿದೇನೇ? ಕಳೆದ ಏಪ್ರಿಲ್ಲಿನಲ್ಲಿ, ರಜೆಯ ದಿನ ಮಧ್ಯಾಹ್ನದ ಬಿಸಿಲಿನಲ್ಲಿ ಹೊರಗೆ ಹೊರಟಾಗಲೆಲ್ಲ ಸ್ಕೂಟರಿನ ಕೀಲಿ ಮಾಯವಾಗುತ್ತಿತ್ತು. ಸಂಜೆ ಐದಕ್ಕೆ ಅಕ್ಕಿ ಡಬ್ಬಿಯಲ್ಲಿ ಸಿಗುತ್ತಿತ್ತು. ಮಾವಿನಕಾಯಿ ಉಪ್ಪಿನಕಾಯಿಯ ಇಡೀ ಭರಣಿ ಒಂದು ದಿನ ಕಾಣೆಯಾಯಿತು. ಒಂದು ಹೋಳು ಕದ್ದರೆ ಮಕ್ಕಳೆನ್ನಬಹುದು, ಭರಣಿಯನ್ನೇ ಹೊತ್ತರೆ ಏನೆನ್ನಬೇಕು?

ಇವೆಲ್ಲ ಸಹಿಸಿದೆ. ಮಿರ್ಚಿಯ ವಿಷಯ ಮಾತ್ರ ಎದೆಗೇ ನಾಟಿತು. ಕಚೇರಿಯಿಂದ ಬರುವಾಗ ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಜ್ಜಿ ಮಾರುವ ಅಂಗಡಿಯ ಮುಂದೆ ಸ್ಕೂಟರು ತಾನಾಗಿಯೇ ನಿಲ್ಲುತ್ತಿತ್ತು; ಇಪ್ಪತ್ತು ವರ್ಷದ ರೂಢಿ. ಒಂದು ಸಂಜೆ ಅಂಗಡಿಯವನು ನನ್ನನ್ನು ಕಂಡು, ಜಾಲರಿಯಲ್ಲಿದ್ದ ಬಿಸಿ ಮಿರ್ಚಿಯನ್ನು ಹಿಂದಕ್ಕೆ ಸರಿಸಿ ಕೈಮುಗಿದ.

“ನಿಮಗ ಕೊಡಂಗಿಲ್ರಿ ಸಾರ್. ನಮಗ್ಯಾಕ ಪಾಪ?”

“ಏನ್ ಪಾಪ?”

“ಎಣ್ಣಿ, ಖಾರ, ಉಪ್ಪು ಬಿಟ್ಟು ವ್ರತ ಹಿಡದೀರಂತಲ್ರಿ. ನಿಮ್ಮ ಸೊಸಿ ಹೇಳಿ ಹೋಗ್ಯಾಳ. ಮಾಮ ಮರೆತು ಕೇಳ್ತಾನ, ನೀವು ಕೊಟ್ಟೀರಿ, ದೇವರು ಕಣ್ಣು ಕೀಳ್ತಾನ ಅಂದಳ್ರಿ.”

“ಯಾವ ಸೊಸಿ?”

“ಹಳದಿ ಟೊಪ್ಪಿಗಿ ಹಾಕ್ಕೊಂಡಿದ್ದಳ್ರಿ.”

ಮಿರ್ಚಿ ಸಿಗಲಿಲ್ಲ ಎಂಬುದಷ್ಟೇ ಆಗಿದ್ದರೆ ಬೇರೆ ಅಂಗಡಿಗೆ ಹೋಗುತ್ತಿದ್ದೆ. ಅಲ್ಲಿದ್ದ ನಾಲ್ಕು ಗಿರಾಕಿಗಳು ಎದ್ದು ನಿಂತು ನನಗೆ ದಾರಿ ಬಿಟ್ಟರು! ಭಕ್ತನೆಂಬ ಹೆಸರು ಹೊತ್ತು ಹಸಿದ ಹೊಟ್ಟೆಯಲ್ಲಿ ಮನೆಗೆ ಬಂದೆ.

ಇನ್ನು ಕೈ ಮುರಿದ ಕಥೆ. ಹೋದ ಮಳೆಗಾಲದಲ್ಲಿ ಸಣ್ಣಾಕಿ ಗೋಡೆಯಿಂದ ಬಿದ್ದು ಎಡಗೈ ಮುರಿದುಕೊಂಡಳು. ಎಲುಬಿನ ಡಾಕ್ಟರು ಪ್ಲಾಸ್ಟರ್ ಹಾಕಿದರು. ಎರಡನೆಯ ದಿನ ನೋಡಿದರೆ ಇಬ್ಬರ ಎಡಗೈಗೂ ಪ್ಲಾಸ್ಟರ್! ಒಬ್ಬಳದೇ ಬೆಳ್ಳಗಾದರೆ ಯಾರು ಯಾರೆಂದು ಜನಕ್ಕೆ ತಿಳಿದುಬಿಡುವುದಲ್ಲ, ಅದಕ್ಕೆ ಈ ಏರ್ಪಾಡು. ಯಾರ ಪ್ಲಾಸ್ಟರ್ ಸುಳ್ಳೆಂದು ತಾಯಿಗೆ ಕಂಡ ಕೂಡಲೇ ಗೊತ್ತಾಗಿತ್ತು. ನಾನು ಚಿಂತೆ ಮಾಡುತ್ತೇನೆಂದು ನನಗೆ ಮಾತ್ರ ಹೇಳಲಿಲ್ಲ. ಪ್ಲಾಸ್ಟರ್ ತೆಗೆಸುವ ದಿನ ಹೆಲ್ಮೆಟ್ಟು ಹಾಕಿಕೊಂಡವಳೊಬ್ಬಳು ಸ್ಕೂಟರಿನ ಹಿಂದೆ ಹತ್ತಿ ಕೂತಳು. ಕರೆದೊಯ್ದೆ. ಡಾಕ್ಟರು ಕತ್ತರಿಸಿದರು, ಕೈ ತಿರುಗಿಸಿದರು, ಮಡಚಿದರು.

“ಏನ್ ಮಸ್ತ್ ಕೂಡೇತ್ರಿ! ಮುರಿದಿದ್ದ ಗುರ್ತಾ ಇಲ್ಲ.”

“ಎಲ್ಲಾ ನಿಮ್ಮ ಕೈಗುಣ ಡಾಕ್ಟ್ರೇ,” ಎಂದೆ, ಕಣ್ಣು ತುಂಬಿ.

“ನನ್ನ ಕೈಗುಣ ಇರ್ಲಿ,” ಎಂದು ಡಾಕ್ಟರು ಕತ್ತರಿಸಿದ ಪಟ್ಟಿಯನ್ನು ಮೂಗಿಗೆ ಹಿಡಿದರು. “ಇದ್ಯಾಕ ಮೈದಾ ವಾಸನಿ ಹೊಡೀತದ? ಮತ್ತ ಈ ಜರಿ ಅಂಚು ನಾ ಯಾವಾಗ ಹಾಕಿದ್ನಪ್ಪ?”

ಜರಿ ಅಂಚನ್ನು ನಾನು ಗುರುತಿಸಿದೆ. ನನ್ನ ಮದುವೆಯ ಆಸೆ ಇನ್ನೂ ಇದ್ದ ಕಾಲದಲ್ಲಿ ಕೊಂಡ ಪಂಚೆಯದು.

“ಮುರಿದಾಕಿ ಎಲ್ಲೇ?” ಎಂದು ಕೂಗಿದೆ.

ದೊಡ್ಡಾಕಿ ಮುಗಿಲು, ಅಂದರೆ ಆಸ್ಪತ್ರೆಯ ಫ್ಯಾನು, ನೋಡಿದಳು. “ಆಕಿಗೆ ಇವತ್ತು ವೀಕ್ಲಿ ಆಫ್ ಮಾಮಾ.”

ಚಳಿಗಾಲದಲ್ಲಿ ನನಗೆ ನಾಲ್ಕು ದಿನ ಜ್ವರ ಬಂದು ಮನೆಯಲ್ಲೇ ಮಲಗಿದ್ದೆ. ಐದನೆಯ ದಿನ ಶಾಲೆಯಿಂದ ಕರೆ. ಇವರಿಬ್ಬರನ್ನೂ ಬೇರೆ ಬೇರೆ ಸೆಕ್ಷನ್ನಿಗೆ ಹಾಕಿದ್ದಾರೆ, ಶಾಲೆಯವರಿಗೂ ಜೀವ ಬೇಕಲ್ಲ. ಹೆಡ್‌ಮಿಸ್ಸು ದನಿ ತಗ್ಗಿಸಿ, “ಇಬ್ರೂ ಅರ್ಧ ಪಿರಿಯಡ್ ಆದ ಕೂಡ್ಲೇ ಬಾತ್‌ರೂಮಿಗೆ ಅಂತ ಹೋಗಿಬಿಡ್ತಾರ್ರಿ, ನಾಕು ದಿನದಿಂದ. ಮಕ್ಕಳಿಗೂ ಶುಗರ್ ಬರ್ತದಂತ್ರಿ, ತೋರಿಸ್ರಿ,” ಎಂದರು. ಆಮೇಲೆ ತಿಳಿದದ್ದು: ನಾಲ್ಕೂ ದಿನ ಶಾಲೆಗೆ ಹೋದದ್ದು ಒಬ್ಬಳೇ. ಅರ್ಧ ಪಿರಿಯಡ್ ಇಲ್ಲಿ, ಅರ್ಧ ಪಿರಿಯಡ್ ಅಲ್ಲಿ ಕೂತು ಎರಡೂ ಕಡೆ ಹಾಜರಿ ಕೂಗಿದ್ದಾಳೆ! ಇನ್ನೊಬ್ಬಳು ಎಲ್ಲಿದ್ದಳು ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಇನ್ನು ಹಂಪಿಯದು. ಈ ಮೇ ತಿಂಗಳಲ್ಲಿ ಮೇಲಿನ ಕಚೇರಿಯ ಸಾಹೇಬರು ಹೆಂಡತಿಯೊಂದಿಗೆ ಬಂದಿದ್ದರು. ಅವರಿಗೆ ಹಂಪಿ ತೋರಿಸುವ ಕೆಲಸ ನನ್ನ ಪಾಲಿಗೆ. ಬಂಡೆಗಳೆಲ್ಲ ಕಾದ ಹಂಚಾಗಿದ್ದವು. ಜನ ಹೆಚ್ಚು ಬಾರದ ಒಂದು ಮುರುಕು ಮಂಟಪದ ನೆರಳಿಗೆ ಹೋದೆವು. ಅಲ್ಲಿ ಕಂಬಕ್ಕೆ ಒರಗಿ, ಹಳದಿ ಹೆಲ್ಮೆಟ್ಟು ಹಾಕಿಕೊಂಡು, ಬಾಳೆಹಣ್ಣು ತಿನ್ನುತ್ತಾ ಕೂತಿದ್ದಳು! ಹೊಸಪೇಟೆಯಿಂದ ಕಡ್ಡಿರಾಂಪುರದ ಹಾದಿಯಾಗಿ ಸೈಕಲ್ ತುಳಿದು ಬಂದಿದ್ದಾಳೆ, ಆ ಬಿಸಿಲಲ್ಲಿ. ನನ್ನ ಕಡೆ ಅಪರಿಚಿತಳಂತೆ ನೋಡಿದಳು. ನಾನೂ ಹಾಗೆಯೇ ನೋಡಿದೆ. ಸಾಹೇಬರ ಮುಂದೆ ನೆಂಟಸ್ತಿಕೆ ಒಪ್ಪಿಕೊಳ್ಳುವುದುಂಟೇ?

“ಏನಮ್ಮಾ, ಏನು ವಿಶೇಷ ಇಲ್ಲಿ?” ಎಂದರು ಸಾಹೇಬರು.

“ಈ ಕಂಬ ಮೂರು ಸುತ್ತು ಹಾಕಿದ್ರ ಆಚಿ ಮಂಟಪದಾಗ ಹೊರಬೀಳ್ತೀರ್ರಿ,” ಎಂದಳು. “ನಂಬಿಕಿ ಇರ್ಬೇಕು.”

ಕಂಬ ಸುತ್ತಿದಳು. ಒಂದು, ಎರಡು, ಮೂರು. ಮೂರನೆಯ ಸುತ್ತಿಗೆ ಹಿಂದಿನ ಬಂಡೆಯ ಮರೆಗೆ ಇಲ್ಲವಾದಳು. ಅದೇ ಗಳಿಗೆಗೆ ಕಲ್ಲೆಸೆತದಷ್ಟು ದೂರದ ಮಂಟಪದಿಂದ “ಹೋ!” ಎಂದು ಕೈಬೀಸಿದಳು! ಅದೇ ಲಂಗ, ಅದೇ ಹಳದಿ ತಲೆ. ಆ ಹಳದಿ ನನ್ನ ಬಚ್ಚಲಿನ ಪ್ಲಾಸ್ಟಿಕ್ ಬೋಗುಣಿಯದು ಎಂಬುದು ಅಷ್ಟು ದೂರಕ್ಕೆ ತಿಳಿಯುವಂತಿರಲಿಲ್ಲ. ಗಮನಿಸಿ, ಅಲ್ಲಿಯೂ ನಾನು ಒಮ್ಮೆಗೆ ಕಂಡದ್ದು ಒಬ್ಬಳನ್ನೇ.

ಸಾಹೇಬರ ಹೆಂಡತಿ ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ ಮೂರು ಸುತ್ತು ಹಾಕಿದರು. ಕಣ್ಣು ತೆರೆದರೆ ಅಲ್ಲೇ ಇದ್ದಾರೆ. “ನನ್ನ ನಂಬಿಕಿ ಕಡಿಮಿ ಬಿತ್ತು,” ಎಂದು ಸಪ್ಪಗಾದರು. ಸಾಹೇಬರು ಧೈರ್ಯ ಹೇಳಿ ತಾವೂ ಸುತ್ತತೊಡಗಿದರು. ಸಾಹೇಬರು ಸುತ್ತುವಾಗ ಗುಮಾಸ್ತ ನಿಂತು ನೋಡುವುದೆಂತು? ನಾನೂ ಸುತ್ತಿದೆ. ಎರಡನೆಯ ಸುತ್ತಿಗೆ ಆ ಮಾಯಗಾತಿ ಬಂಡೆಯ ಹಿಂದಿನಿಂದ ಮತ್ತೆ ಪ್ರತ್ಯಕ್ಷಳಾಗಿ, ನೀರಿನ ಬಾಟಲಿ ನನ್ನ ಕೈಗಿಟ್ಟು, “ಕಾಕಾರ, ನೀವು ಸುತ್ತಬ್ಯಾಡ್ರಿ, ಕುಂದ್ರಿ. ನಿಮ್ಮ ಮೋತಿ ಕೆಂಪಾಗೇತಿ,” ಎಂದಳು. ಕೆಂಪಾದದ್ದು ಬಿಸಿಲಿಗಲ್ಲ ಎಂದು ಹೇಗೆ ಹೇಳಲಿ?

ಹಂಪಿಯಾದ ಮೇಲಿನ ಭಾನುವಾರವೇ ತಂಗಿಯ ಗಂಡ ಬಂದ. ನಮ್ಮ ಪಡಸಾಲೆಯಲ್ಲಿ ಕೂತೆವು. ತಂಗಿ ಗೋಡೆ ನೋಡುತ್ತಿದ್ದಳು. ಇಬ್ಬರನ್ನೂ ಕರೆಸಿ ಅಪ್ಪನೇ ವಿಷಯ ಹೇಳಿದ: ಜೂನಿಗೆ ದೊಡ್ಡಾಕಿ ಸಂಡೂರಿಗೆ, ಸಣ್ಣಾಕಿ ಕಂಪ್ಲಿಗೆ. ಹೆಂಚು ಹಾರಿಹೋಗುವಷ್ಟು ಗಲಾಟೆ ಆಗುತ್ತದೆಂದು ನಾನು ಕಿವಿ ಮುಚ್ಚಿಕೊಳ್ಳಲು ತಯಾರಾಗಿದ್ದೆ. ಆಗಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಹೆಲ್ಮೆಟ್ಟು ದೊಡ್ಡಾಕಿಯ ತಲೆಯ ಮೇಲಿತ್ತು.

“ಅಪ್ಪಾ,” ಎಂದಳು, “ಒಂದು ಯಂತ್ರದ ಇಬ್ರೂ ಆಪರೇಟರ್ ಒಮ್ಮೆಗೇ ಬಿಟ್ಟು ಹೋಗಬಹುದಾ?”

“ಹೆಂಗ ಹೋಗ್ತಾರವಾ? ರಿಲೀವರ್ ಬರ್ಬೇಕು.”

“ಹಂಗಾದ್ರ ಮಾಮಗ ರಿಲೀವರ್ ಯಾರು?”

“ಮಾಮಗ ಯಾಕ ರಿಲೀವರ್?” ಎಂದು ಅವನು ನಕ್ಕ. ಮಕ್ಕಳು ನಗಲಿಲ್ಲ.

“ಅವ್ವಾನಾ ಹೇಳಿದ್ದಳಲ್ಲ,” ಎಂದಳು ಸಣ್ಣಾಕಿ. “ಮಾಮ ಬಚ್ಚಲದಾಗ ಬಿದ್ದಾಗ. ನಾ ಡ್ಯೂಟಿಗೆ ಹೋಗ್ತೀನಿ, ಮಾಮನ್ನ ಒಬ್ನನ್ನಾ ಬಿಡಬ್ಯಾಡ್ರಿ ಅಂತ. ನಾವು ಒಂದಿನಾನೂ ಬಿಟ್ಟಿಲ್ಲ. ಆಫೀಸಿನ್ಯಾಗ ಇದ್ದಾಗ ಅಷ್ಟಾ ಬಿಟ್ಟೀವಿ. ಅಲ್ಲಿ ಜನ ಇರ್ತಾರ.”

ತಂಗಿ ಬಾಯಿಗೆ ಸೆರಗು ಒತ್ತಿಕೊಂಡಳು. “ಅಣ್ಣಾ… ಅದು ಅವತ್ತಿನ ಒಂದಿನದ ಮಾತು. ಸಂಜಿಗೆ ಬಂದು ಸಾಕು ಅನ್ನಬೇಕಿತ್ತು. ಅನ್ನಾಕ ಮರೆತೆ.”

ಅಷ್ಟೇ. ಅನ್ನಲು ಮರೆತಳು. ಸಂಜೆ ಬಂದು “ಸಾಕು” ಎನ್ನುವವರು ಯಾರೂ ಬರದೆ, ಒಂಬತ್ತು ವರ್ಷದ ಎರಡು ಮಕ್ಕಳು ಸೀಟು ಬಿಟ್ಟು ಇಳಿಯಲಿಲ್ಲ. ಎರಡು ವರ್ಷ! ಒಬ್ಬಳು ಆಡಲು ಹೋದರೆ ಇನ್ನೊಬ್ಬಳು ನನ್ನ ಗೇಟಿನಲ್ಲಿ. ನಾಲ್ಕು ದಿನದ ಜ್ವರದಲ್ಲಿ ನನ್ನ ಕಿಟಕಿಯ ಹೊರಗೆ ಆಗಾಗ ಹಳದಿಯಾಗಿ ಏನೋ ಸುಳಿಯುತ್ತಿದ್ದುದು ನೆನಪಾಯಿತು; ಜ್ವರದ ಭ್ರಮೆ ಎಂದುಕೊಂಡಿದ್ದೆ. ಇವರಿಬ್ಬರೂ ಕೂಡಿ ತಂಟೆ ಮಾಡಿದ್ದನ್ನು ನಾನು ಕಾಣದಿದ್ದುದು ಇದಕ್ಕೇ. ಕೂಡಿ ಆಡಲು ಅವರಿಗೆ ಪುರಸೊತ್ತು ಎಲ್ಲಿತ್ತು?

ತಂಗಿ ನನಗೆ ಹೇಳಿದ್ದು, “ಅಣ್ಣಾ, ಹುಡುಗ್ರನ್ನ ನೋಡ್ಕೋ.” ನಾನು ನೋಡಿಕೊಂಡೆನೇ? ದೂರು ಹೇಳಿದೆ, ಅಷ್ಟೇ.

ನಾನೇ ಎದ್ದೆ. ದೊಡ್ಡಾಕಿಯ ಮುಂದೆ ನಿಂತು ಕೈ ಚಾಚಿದೆ.

“ಡ್ಯೂಟಿ ಕೊಡು.”

ಅವಳು ಅಪ್ಪನ ಕಡೆ ನೋಡಿದಳು. ನಡೆಯುತ್ತದೆಯೇ ಇದು, ಕಾನೂನಿನಲ್ಲಿದೆಯೇ ಎಂಬಂತೆ. ಅವನು ತಲೆಯಾಡಿಸಿದ. ಅವಳು ಹೆಲ್ಮೆಟ್ಟು ತೆಗೆದಳು. ಆದರೆ ಸುಮ್ಮನೆ ಕೊಡಲಿಲ್ಲ.

“ಮುಂಜಾನಿ ಗುಳಿಗಿ ಆಗೇತಿ. ಸಂಜಿದು ಬಾಕಿ. ಭರಣಿ ನಮ್ಮ ಅಟ್ಟದ ಮ್ಯಾಲ ಐತಿ, ಕೇಳಿದ್ರ ಕೊಡಬಾರ್ದು. ಬಚ್ಚಲಕ್ಕ ಚಿಲಕ ಹಾಕಿಸಬಾರ್ದು.” ಹೆಲ್ಮೆಟ್ಟು ನನ್ನ ಕೈಗಿಟ್ಟಳು. “ಒಬ್ನಾ ಇದ್ರ ಭಾಳ ಚಿಂತಿ ಮಾಡ್ತಾನ. ಆಗಾಗ ಮಾತಾಡಿಸ್ಬೇಕು.”

“ತಗೊಂಡೆ,” ಎಂದೆ.

ಸಂಡೂರು, ಕಂಪ್ಲಿ ಎಂಬ ಮಾತು ಮತ್ತೆ ಯಾರೂ ಎತ್ತಲಿಲ್ಲ. ಬೇಡವೆಂದು ನಾನೂ ಬಾಯಿಬಿಟ್ಟು ಹೇಳಲಿಲ್ಲ. ಹೆಲ್ಮೆಟ್ಟು ತಲೆಗೆ ಹಾಕಿಕೊಂಡೆ, ಅಷ್ಟರಲ್ಲೇ ಎಲ್ಲರಿಗೂ ತಿಳಿಯಿತು. “ಹೋಗ್ರಿ, ಇಬ್ರೂ ಕೂಡಿ ಆಡ್ಕೊಳ್ರಿ,” ಎಂದೆ. ಇಬ್ಬರೂ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತರು. ಯಾರು ಉಳಿಯಬೇಕು ಎಂದು ತಿಳಿಯದವರಂತೆ. ಆಮೇಲೆ ಓಡಿದರು.

ಹತ್ತು ನಿಮಿಷವಾಗಿರಲಿಕ್ಕಿಲ್ಲ. ಹಿತ್ತಲಲ್ಲಿ ಡಬ್ ಎಂದು ಸದ್ದಾಯಿತು, ಅದರ ಹಿಂದೆಯೇ ಎರಡು ಕಿರುಚಾಟ, ಅದರ ಹಿಂದೆಯೇ ಎರಡು ನಗು. ಹೋಗಿ ನೋಡಿದೆ. ಪ್ಲಾಸ್ಟಿಕ್ ನೀರಿನ ಡ್ರಮ್ಮು ಮಗುಚಿ ಹಿತ್ತಲೆಲ್ಲ ಕೆಸರು. ಆ ಕೆಸರಿನಲ್ಲಿ ನನ್ನ ಸ್ಕೂಟರು ಅಡ್ಡ ಬಿದ್ದಿದೆ. ಅದರ ಮೇಲೆ ತಲೆಯಿಂದ ಕಾಲಿನವರೆಗೆ ಕೆಂಪು ಮಣ್ಣು ಮೆತ್ತಿಕೊಂಡು, ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿ, ಮುಗಿಲು ನೋಡುತ್ತಾ ಕೂತಿದ್ದಾರೆ. ಇಬ್ಬರೂ!

ಬೈಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಹೆಲ್ಮೆಟ್ಟು ಜಾರಿ ಕಣ್ಣಿನ ಮೇಲೆ ಬಂತು. ಬಂದದ್ದು ಒಳ್ಳೆಯದೇ ಆಯಿತೆಂದು ಸ್ವಲ್ಪ ಹೊತ್ತು ಅದನ್ನು ಅಲ್ಲೇ ಬಿಟ್ಟೆ.